ಹಚ್ಚಿದ ಸೇವಂತಿ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿಯಿದೆ, ಅದರಲ್ಲೊಂದು ಬಿಳಿ ಸೇವಂತಿ. ಇಷ್ಟನ್ನು ಧಾರಾಳವಾಗಿ ನಂಬಿ, ಗೆಳೆಯರೇ. ಮುಂದಿನದಕ್ಕೆಲ್ಲ ನನ್ನ ನೆನಪೇ ಸಾಕ್ಷಿಯಾದ್ದರಿಂದ ನಾನು ಹೊಣೆಯಲ್ಲ.

ಕಮಲಾಪುರದ ಅಕ್ಕನ ಹಿತ್ತಲಲ್ಲಿ ತೀರಿಹೋದ ಅವ್ವ ಕೈಯಾರೆ ನೆಟ್ಟಿದ್ದ ಸೇವಂತಿಯ ಒಂದೇ ಗಿಡ ಉಳಿದಿತ್ತು. ಬೇವಿನ ನೆರಳಿನಲ್ಲಿ ಹೂ ಬಿಡುವುದನ್ನು ಎಂದೋ ಮರೆತಿದ್ದ ಅದಕ್ಕೆ ಈಗ ರೋಗ ಹತ್ತಿತ್ತು.

"ತಮ್ಮಾ, ನೀ ಗಿಡದ್ದೇ ಓದಿದಾಂವ. ಅವ್ವಂದು ಇದೊಂದೇ ಉಳದದ. ಹೆಂಗರೆ ಉಳಸು" ಎಂದಳು ಅಕ್ಕ. ಹೂ ಬಿಳಿಯಿತ್ತೆಂದು ನಾನು, ಹಳದಿಯೆಂದು ಅವಳು ಅರ್ಧ ದಿನ ಜಗಳಾಡಿದೆವು.

ರೋಗದ ಗಿಡದ ಕಡ್ಡಿ ನೆಟ್ಟರೆ ಅದರಲ್ಲೂ ರೋಗವಿರುತ್ತದೆ. ರೋಗ ಇನ್ನೂ ಮುಟ್ಟದ ಚಿಗುರಿನ ತುದಿಯ ಸಾಸಿವೆಯಷ್ಟು ಚೂರನ್ನು ಗಾಜಿನ ಬಾಟಲಿಯಲ್ಲಿ ಬೆಳೆಸುವ ಅಂಗಾಂಶ ಕೃಷಿಯೇ ದಾರಿ. ನೆಹರು ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿ ಶರಣಪ್ಪನವರು ಮದುವೆ ಮಂಟಪಗಳ ಜರ್ಬೆರಾ ಹೂವಿಗಾಗಿ, ಸ್ವಾಗತ ಸಮಿತಿಯವರ ನಗುವಿನಂತೆ ಎಲ್ಲವೂ ಒಂದೇ ಅಚ್ಚಿನಲ್ಲಿರಬೇಕೆಂದು, ಮಹಾಗಾಂವ ರಸ್ತೆಯಲ್ಲಿ ಅಂಥದೊಂದು ಲ್ಯಾಬ್ ತೆರೆದಿದ್ದರು. ಚಿಗುರು ಕೊಟ್ಟುಬಂದು ಫೋನಿನಲ್ಲಿ ಅವರಿಗೆ, "ಸೋಮವಾರ ಹಚ್ಚಿಬಿಡ್ರಿ" ಎಂದೆ.

ನಮ್ಮ ಕಡೆ ಗಿಡ ನೆಡುವುದೂ ಹಚ್ಚುವುದೇ, ಊದುಬತ್ತಿ ಹೊತ್ತಿಸುವುದೂ ಹಚ್ಚುವುದೇ, ವಿಭೂತಿ ಬಳಿಯುವುದೂ ಹಚ್ಚುವುದೇ. ಶರಣಪ್ಪನವರು ಮೂರನ್ನೂ ಹಚ್ಚಿದರು. ನಾನು ಹೋಗಿ ನೋಡಿದರೆ, ಸೂಕ್ಷ್ಮಾಣುವಿಗೂ ಪ್ರವೇಶವಿಲ್ಲದ ಕೋಣೆಯಲ್ಲಿ ಹೊಗೆ ತುಂಬಿತ್ತು. ಬಾಟಲಿಗಳೆಲ್ಲ ಬಾಯಿ ತೆರೆದು, ಮೂರೆಳೆ ವಿಭೂತಿ ಧರಿಸಿ ಸಾಲಾಗಿ ಕುಳಿತಿದ್ದವು.

"ಮುಚ್ಚಳ ಯಾಕ ತಗದ್ರಿ?" ಎಂದು ಕಿರುಚಿದೆ.

"ಮುಚ್ಚಿದ್ರ ಆಶೀರ್ವಾದ ಒಳಗ ಹೆಂಗ ಹೋಗ್ತದ್ರಿ ಸರ?"

ಆಶೀರ್ವಾದದ ಬೆನ್ನಿಗೆ ಬೂಷ್ಟೂ ಹೋಯಿತು. ವಾರದಲ್ಲಿ ಕೆಲವು ಬಾಟಲಿಗಳಲ್ಲಿ ಬಿಳಿ ಬೂಷ್ಟು, ಕೆಲವುಗಳಲ್ಲಿ ಹಳದಿ: ನನ್ನ ನೆನಪಿಗೂ ಅಕ್ಕನ ನೆನಪಿಗೂ ಸಮಾನ ನ್ಯಾಯ. ಅಷ್ಟರಲ್ಲಿ ಹಿತ್ತಲ ಗಿಡವೂ ಸತ್ತಿತು. ಬಾಗಿಲ ಹಿಂದಿದ್ದು ಆಶೀರ್ವಾದ ತಪ್ಪಿಸಿಕೊಂಡ ಒಂದೇ ಒಂದು ಪಾಪಿಷ್ಠ ಬಾಟಲಿಯಲ್ಲಿ ಮಾತ್ರ ಹಸಿರು ಉಳಿದಿತ್ತು.

ಅದರ ಸಸಿಯನ್ನು ಅಕ್ಕ ಬಿಸಿಲಿದ್ದ ಕಡೆ ಹಚ್ಚಿದಳು. ಈ ಚಳಿಗೆ ಹೂ ಬಿಟ್ಟಿತು. ಮೊದಲ ಹೂವನ್ನು ಸೆರಗಿನಲ್ಲಿಟ್ಟುಕೊಂಡು ಬಸ್ಸಿಳಿದು ಬಂದವಳೇ, "ನೋಡಿದೇನು, ಬಿಳಿ! ನೀನಽ ಹಳದಿ ಹಳದಿ ಅಂತ ಹಟ ಹಿಡದಿದ್ದಿ" ಎಂದಳು.

ಗೆದ್ದವನು ನಾನಲ್ಲವೇ? ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ತುರುಬು ಕಣ್ಣಿಗೆ ಕಟ್ಟಿತು, ಅದರಲ್ಲಿ ಹಳದಿ ಹೂವಿತ್ತು. ಗಿಡ ತನ್ನನ್ನು ಚಾಚೂ ತಪ್ಪದೆ ನಕಲು ಮಾಡಿಕೊಂಡಿದೆ. ನನ್ನ ತಲೆಯೋ, ಮುಚ್ಚಳ ತೆಗೆದಾಗಲೆಲ್ಲ ಬೂಷ್ಟು ಬೆಳೆಸುವ ಲ್ಯಾಬು. ಬಾಯಿ ಮುಚ್ಚಿ ಹೂವನ್ನು ಉಪ್ಪಿನಕಾಯಿ ಬಾಟಲಿಯಲ್ಲಿಟ್ಟೆ.

ಈಗ ನೋಡಿದರೆ ಆ ಬಾಟಲಿಯ ಮೇಲೂ ಮೂರೆಳೆ ವಿಭೂತಿಯಿದೆ. ಹೋಗುವಾಗ ಅಕ್ಕ ಹಚ್ಚಿರಬೇಕು. ನಾನಂತೂ ಹಚ್ಚಿದ ನೆನಪಿಲ್ಲ. ಆದರೆ ನನ್ನ ಬೆರಳುಗಳು ಯಾಕೋ ಬೆಳ್ಳಗಿವೆ.