ಪಳಗದ ಕೈ

ಜಮಖಂಡಿಯಲ್ಲಿ ನಾನಿರುವ ಮನೆಯ ಕೆಳಗೆ ಒಂದು ಖಾನಾವಳಿ ಇದೆ. ಬೆಳಗಾಗುವುದೇ ತಡ, ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯತೊಡಗುತ್ತಾರೆ. ಟಪಟಪ ಸದ್ದು ಮೆಟ್ಟಿಲು ಹತ್ತಿ ಬರುತ್ತದೆ, ಅದರ ಹಿಂದೆಯೇ ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ವಾಸನೆ. ನಿವೃತ್ತ ಮಾಸ್ತರನಿಗೆ ಎದ್ದು ಮಾಡುವ ಘನಂದಾರಿ ಕೆಲಸ ಏನಿರುತ್ತದೆ ಹೇಳಿ. ಹಾಸಿಗೆಯಲ್ಲೇ ಬಿದ್ದುಕೊಂಡು ಕೇಳುತ್ತೇನೆ. ಕೇಳುತ್ತ ಕೇಳುತ್ತ ನೆನಪಾಗುವುದು ಮಾತ್ರ ಜನ್ಮದಲ್ಲಿ ಒಂದು ರೊಟ್ಟಿಯನ್ನೂ ಬಡಿಯದ ನಮ್ಮ ನೀಲವ್ವತ್ತಿ.

ನೀವು ಬೇರೆ ಕಡೆಯವರಾದರೆ, ಇದರಲ್ಲೇನು ವಿಶೇಷ ಅನ್ನಬಹುದು. ನಮ್ಮಲ್ಲಿ ಬಡಿದದ್ದೇ ರೊಟ್ಟಿ. ಲಟ್ಟಣಿಗೆಯಿಂದ ಲಟ್ಟಿಸಿದ್ದನ್ನು ಎದುರಿಗೆ ತಿಂದು, ಹಿಂದಿನಿಂದ ಮೂಗು ಮುರಿಯುತ್ತಾರೆ. ಮದುವೆಯಾಗಿ ಮುಧೋಳಕ್ಕೆ ಹೋದ ನೀಲವ್ವತ್ತಿ ಮೊದಲ ದಿನವೇ ಅಡುಗೆಮನೆಯಲ್ಲಿ ಲಟ್ಟಣಿಗೆ ಹುಡುಕಿದಳಂತೆ. ಅತ್ತೆಯ ಮನೆಯವರು ನಕ್ಕಾಗ, ನಮ್ಮ ತವರಿನ ಪದ್ಧತಿಯೇ ಹೀಗೆ ಅಂದಳಂತೆ. ಅದು ಸುಳ್ಳೇನಲ್ಲ. ಅವಳ ಅವ್ವ, ಅಂದರೆ ನಮ್ಮಜ್ಜಿಯೂ ಲಟ್ಟಿಸಿಯೇ ರೊಟ್ಟಿ ಮಾಡುತ್ತಿದ್ದಳು. ಮನೆತನಕ್ಕೊಂದು ಮನೆದೇವರು ಇರುವ ಹಾಗೆ ಇದೂ ಒಂದು ಇರಬೇಕು ಎಂದು ನಾವೆಲ್ಲ ತಿಳಿದಿದ್ದೆವು.

ಅತ್ತಿ ನಮ್ಮಪ್ಪನ ಕೊನೆಯ ತಂಗಿ. ಬನಹಟ್ಟಿಯ ನಮ್ಮ ಮನೆಯಲ್ಲಿ ಗಂಡಸರು ಮಗ್ಗಕ್ಕೆ ಕೂತರೆ, ರಾಟಿಯ ಹಿಡಿಕೆ ತಿರುಗಿಸಿ ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುವುದು ಹೆಣ್ಣುಮಕ್ಕಳ ಕೆಲಸ. ಹೊಸದಾಗಿ ಕೂತವರ ಅಂಗೈಯಲ್ಲಿ ಗುಳ್ಳೆ ಏಳುತ್ತವೆ. ಒಡೆಯುತ್ತವೆ, ಮಾಯುತ್ತವೆ, ಚರ್ಮ ದಪ್ಪಗಾಗುತ್ತದೆ, ಆಮೇಲೆ ಏಳುವುದಿಲ್ಲ. ಅದಕ್ಕೆ ಕೈ ಪಳಗುವುದು ಅನ್ನುತ್ತಾರೆ. ನೇಕಾರರ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ಆದರೆ ಅತ್ತಿಯ ಕೈ ವರ್ಷಗಳು ಕಳೆದರೂ ಪಳಗಲಿಲ್ಲ. ಬೇಸಿಗೆ ಬಂತೆಂದರೆ ಅಂಗೈ ತುಂಬ ಗುಳ್ಳೆ, ಅಂಗಾಲಿಗೂ ಗುಳ್ಳೆ. ಮಧ್ಯಾಹ್ನ ಅವಳು ಬಚ್ಚಲ ಮನೆಯ ಹಂಡೆಯ ತಣ್ಣೀರಿನಲ್ಲಿ ಎರಡೂ ಕೈ ಅದ್ದಿ ಸುಮ್ಮನೆ ಕೂತಿರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕೈ ಪಳಗದಿದ್ದರೆ ಅರ್ಥವೇನು? ಕೆಲಸ ಸಾಲದು ಎಂದೇ ಅರ್ಥ. ಹಾಗಾಗಿ ಅವಳಿಗೆ ಸಿಕ್ಕ ಔಷಧ ಇನ್ನಷ್ಟು ರಾಟಿ, ಮತ್ತು ಮೈಗಳ್ಳಿ ಎಂಬ ಹೆಸರು.

ಮಗ್ಗಕ್ಕೆ ಕೂರಿಸಿದರೆ ನನ್ನ ಕೈಯೂ ಓಡುತ್ತಿರಲಿಲ್ಲ. ಲಾಳಿ ಎಸೆದರೆ ಅದು ಎತ್ತಲೋ ಹೋಗುತ್ತಿತ್ತು, ಎಳೆಗಳು ಪಟಪಟ ಹರಿಯುತ್ತಿದ್ದವು. ಆದರೆ ನಾನು ಗಂಡುಹುಡುಗ. ಇವನಿಗೆ ಓದಿನ ಕಡೆ ಲಕ್ಷ್ಯ ಎಂದು ಸಾಲೆಗೆ ಕಳಿಸಿದರು. ಹೀಗೆ ಒಂದೇ ಮನೆಯ ಎರಡು ದಡ್ಡ ಕೈಗಳಲ್ಲಿ ಒಂದು ಮಾಸ್ತರಿಕೆಗೆ ಹೋಯಿತು, ಇನ್ನೊಂದು ಬೈಗುಳ ಹೊತ್ತುಕೊಂಡು ಮುಧೋಳಕ್ಕೆ ಹೋಯಿತು.

ಅತ್ತಿಯ ಮಗ ಈರಣ್ಣ ಬೂಟು ಕಡಿದಿವೆ ಎಂದು ಹೇಳುತ್ತಲೇ ದೊಡ್ಡವನಾದ. ಅವನ ಮಗಳು ಸಾನ್ವಿ ನಡೆಯಲು ಕಲಿತಾಗ ಪುಟ್ಟ ಅಂಗಾಲಿನಲ್ಲಿ ಗುಳ್ಳೆ ಎದ್ದವು. ಉಷ್ಣ ಅಂದರು, ನೀರು ಬದಲಾಗಿದೆ ಅಂದರು. ಸಾಲೆಗೆ ಸೇರಿದ ಮೇಲೆ ಅವಳು ಆಟದ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಒಂದು ಕುಬಸದ ಮನೆಯಲ್ಲಿ, ಬಸುರಿಗೆ ಉಡಿ ತುಂಬುವ ಹೊತ್ತಿಗೆ, ಯಾರೋ ನಗುತ್ತ, ಈ ಹುಡುಗಿಯೂ ಆಯಿಯ ಹಾಗೆ ಮೈಗಳ್ಳಿಯಾಗುತ್ತಾಳೆ ಅಂದರು. ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಅಷ್ಟು ವರ್ಷ ಆ ಮಾತನ್ನು ನುಂಗಿಕೊಂಡಿದ್ದ ಅತ್ತಿ ಮೊಮ್ಮಗಳ ವಿಷಯದಲ್ಲಿ ನುಂಗಲಿಲ್ಲ. ಮನೆಗೆ ಬಂದವಳೇ ನನಗೆ ಫೋನು ಮಾಡಿದಳು.

"ತಮ್ಮಾ, ನೀ ಓದಿದಾಂವ ಅಂತ ಹೇಳ್ಕೋತ ತಿರಗತೀ. ಈ ಕೂಸಿನ ಕಾಲಿಗೆ ಏನಾಗೇತಿ, ಹೇಳೂ ದವಾಖಾನಿ ಒಂದು ನೋಡು."

ಹೀಗೆ ನಾವು ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಚರ್ಮದ ಡಾಕ್ಟರ್ ಮೇಡಂ ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಇದು ಹುಟ್ಟಿನಿಂದಲೇ ಬರುವ, ಚರ್ಮ ಬೇಗ ಗುಳ್ಳೆ ಏಳುವ ಕಾಯಿಲೆ ಇದ್ದಂತಿದೆ ಅಂದರು. ಇದರಲ್ಲಿ ಹಲವು ಬಗೆಗಳಿವೆಯಂತೆ. ಚಿಕ್ಕ ಮಕ್ಕಳಲ್ಲಿ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣಬಹುದು, ಆದರೆ ಕೆಲವು ಬಹಳ ಕಠಿಣ, ಕೆಲವು ಸೌಮ್ಯ. ಯಾವುದೆಂದು ಖಚಿತವಾಗಿ ತಿಳಿಯಲು ರಕ್ತ ತೆಗೆದು ವಂಶವಾಹಿ ಪರೀಕ್ಷೆ ಮಾಡಬೇಕು. ಈರಣ್ಣನ ಹೆಂಡತಿ ಸುಜಾತಾ ಮಗುವನ್ನು ಎದೆಗೆ ಒತ್ತಿ ಹಿಡಿದಳು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಮೇಡಂ ಕೇಳಿದರು. ಇಲ್ಲ ಎಂದು ನಾವೆಲ್ಲ ಒಟ್ಟಿಗೇ ತಲೆಯಾಡಿಸಿದೆವು.

"ರೋಗ ಗೀಗ ಏನೂ ಇಲ್ರಿ ನಮ್ಮ ಮನ್ಯಾಗ," ಅಂದಳು ಅತ್ತಿ. "ನಮ್ಮ ಕೈ ಪಳಗೂದಿಲ್ಲ, ಅಷ್ಟ. ನಮ್ಮವ್ವಂದೂ ಪಳಗಿರಲಿಲ್ಲ. ಅದಕ್ಕ ರೊಟ್ಟಿ ಲಟ್ಟಸ್ತೇವ್ರಿ."

ಹೇಳುತ್ತ ಅಂಗೈ ಬಿಚ್ಚಿ ತೋರಿಸಿದಳು. ಮೇಡಂ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನನಗೆ ಕೂತಲ್ಲೇ ಅಜ್ಜಿಯ ಲಟ್ಟಣಿಗೆ ನೆನಪಾಯಿತು. ಮೂರು ತಲೆಮಾರು ನಾವು ಪದ್ಧತಿ ಎಂದು ಹೇಳಿಕೊಂಡು ಬಂದದ್ದು ಪದ್ಧತಿಯೇ ಆಗಿರಲಿಲ್ಲ.

ಮನೆಯವರೆಲ್ಲ ರಕ್ತ ಕೊಡಬೇಕಂತೆ ಎಂಬ ಸುದ್ದಿ ಹಬ್ಬಿದ ಕೂಡಲೇ ಬಳಗದ ಹಿರಿಯರೊಬ್ಬರು ಬುದ್ಧಿ ಹೇಳಲು ಬಂದರು. ನಾಳೆ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ, ಮನೆತನಕ್ಕೆ ರೋಗದ ಹೆಸರು ಬರುತ್ತದೆ ಎಂದರು. ಅತ್ತಿ ಅವರಿಗೆ ಚಹಾ ಕೊಟ್ಟಳು. ಅವರು ಕುಡಿದು ಕಪ್ಪು ಇಡುವತನಕ ಕಾದಳು.

"ಹೆಸರ ನನಗ ಎಂದೋ ಬಂದೈತ್ರಿ, ಮೈಗಳ್ಳಿ ಅಂತ. ಅದರಕಿಂತ ರೋಗದ ಹೆಸರ ಛಲೋ. ಖರೆ ಆದರೂ ಇರತೈತಿ."

ರಕ್ತ ಕೊಡುವ ದಿನ ಮೊದಲು ತೋಳು ಚಾಚಿದವಳು ಅವಳೇ. ಆಮೇಲೆ ಈರಣ್ಣ, ಸುಜಾತಾ, ಮಗು. ಹೋಲಿಸಿ ನೋಡಲು ಗುಳ್ಳೆ ಏಳದ ರಕ್ತಸಂಬಂಧಿ ಒಬ್ಬರಿದ್ದರೆ ಒಳ್ಳೆಯದೆಂದು ನನ್ನದನ್ನೂ ಕೇಳಿದರು. ಸೂಜಿ ಕಂಡು ನಾನು ಕಣ್ಣು ಮುಚ್ಚಿದ್ದು ನಿಜ. ತಲೆ ಸುತ್ತಿ ಬಿದ್ದೆ ಎಂದು ಈರಣ್ಣ ಹೇಳಿಕೊಂಡು ತಿರುಗುತ್ತಾನೆ, ಅದನ್ನು ನಂಬಬೇಡಿ. ಬರೀ ಗೋಡೆಗೆ ಒರಗಿದ್ದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಒಳಗೊಳಗೆ ನನಗೊಂದು ಆಸೆಯೂ ಇತ್ತು. ನನ್ನ ರಕ್ತದಲ್ಲೂ ಚೂರು ಏನಾದರೂ ಸಿಕ್ಕರೆ ಮಗ್ಗದಲ್ಲಿ ನಪಾಸಾದದ್ದಕ್ಕೆ ಒಂದು ಗೌರವಯುತ ಕಾರಣ ಸಿಗುತ್ತಿತ್ತು.

ಫಲಿತಾಂಶಕ್ಕೆ ಹಲವು ವಾರ ಕಾದೆವು. ಆ ದಿನಗಳಲ್ಲಿ ಸುಜಾತಾ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಕರೆ ಬಂತು, ಮತ್ತೆ ಎಲ್ಲರೂ ಹೋದೆವು. ಇದು ಸೌಮ್ಯ ಬಗೆ, ಮೇಡಂ ಮೊದಲು ಅದನ್ನೇ ಹೇಳಿದರು, ಪುಣ್ಯಾತ್ಮರು. ಚರ್ಮದ ಜೀವಕೋಶಗಳನ್ನು ಗಟ್ಟಿಯಾಗಿ ಹಿಡಿದಿಡುವ ಎಳೆಗಳಿರುತ್ತವಂತೆ. ಆ ಎಳೆ ಹೇಗಿರಬೇಕೆಂದು ಹೇಳುವ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸ. ಅತ್ತಿಯಲ್ಲಿ, ಈರಣ್ಣನಲ್ಲಿ, ಸಾನ್ವಿಯಲ್ಲಿ ಮೂವರಲ್ಲೂ ಅದೇ ವ್ಯತ್ಯಾಸ. ಇದ್ದವರ ಪ್ರತಿಯೊಂದು ಮಗುವಿಗೂ ಬರಬಹುದು, ಬಾರದೆಯೂ ಇರಬಹುದು, ಎರಡಕ್ಕೂ ಸಮ ಸಾಧ್ಯತೆ. ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಮೆತ್ತನೆಯ ಚಪ್ಪಲಿ, ತಂಪು, ಉಜ್ಜದ ಬಟ್ಟೆ, ಗುಳ್ಳೆಯ ಆರೈಕೆ, ಇಷ್ಟು ನೋಡಿಕೊಂಡರೆ ಹುಡುಗಿ ಎಲ್ಲರಂತೆ ಬೆಳೆಯುತ್ತಾಳೆ. ಸುಜಾತಾ ಅಲ್ಲಿಯೇ ಅತ್ತುಬಿಟ್ಟಳು.

ಅತ್ತಿ ಕೇಳಿದ್ದು ಒಂದೇ ಮಾತು. "ಮತ್ತಿಷ್ಟು ರಾಟಿ ತಿರುವಿದ್ರ ನನ್ನ ಕೈ ಪಳಗತಿತ್ತೇನ್ರಿ?"

"ಇಲ್ಲಮ್ಮಾ," ಅಂದರು ಮೇಡಂ. "ಎಷ್ಟು ತಿರುಗಿಸಿದ್ದರೂ ಪಳಗುತ್ತಿರಲಿಲ್ಲ. ಇಂಥ ಕೈ ಇಟ್ಟುಕೊಂಡು ಅಷ್ಟು ವರ್ಷ ಹೇಗೆ ತಿರುಗಿಸಿದಿರಿ ಅನ್ನುವುದೇ ನನಗೆ ತಿಳಿಯುತ್ತಿಲ್ಲ."

ಅತ್ತಿ ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡು ಕಿಟಕಿಯ ಕಡೆ ನೋಡುತ್ತ ಕೂತಳು. ಆ ಹೊತ್ತಿನಲ್ಲಿ ನನಗಾದಷ್ಟು ಹೆಮ್ಮೆ ನಾನು ನೌಕರಿ ಹಿಡಿದ ದಿನವೂ ಆಗಿರಲಿಲ್ಲ. ನಮ್ಮ ಮನೆಯ ಮೈಗಳ್ಳಿ ಓಣಿಯಲ್ಲೇ ಎಲ್ಲರಿಗಿಂತ ಹೆಚ್ಚು ದುಡಿದವಳಾಗಿದ್ದಳು. ವಾಪಸು ಬರುವಾಗ, ಲೋಕಾಪುರ ದಾಟಿದ ಮೇಲೆ ಅವಳಿಗೆ ನನ್ನ ರಕ್ತದ ನೆನಪಾಯಿತು. ನಿನ್ನದರಲ್ಲಿ ಏನು ಬಂತು ಅಂದಳು. ಏನೂ ಬಂದಿಲ್ಲ ಅಂದೆ.

"ಹಂಗಾರ ನಿಂದು ಖರೆ ಮೈಗಳ್ಳತನ ನೋಡು," ಅಂದಳು. ಕಾರಿನಲ್ಲಿದ್ದವರೆಲ್ಲ ನಕ್ಕರು, ಮಗುವೂ ನಕ್ಕಿತು.

ಈ ಸಲ ಸಾಲೆಯ ಸೂಟಿಗೆ ಅತ್ತಿ ಮತ್ತು ಸಾನ್ವಿ ನನ್ನ ಮನೆಗೆ ಬಂದಿದ್ದಾರೆ. ಹೊಲಿಗೆ ಒತ್ತದಂತೆ ತಿರುವಿ ಹಾಕಿದ ಕಾಲುಚೀಲದಲ್ಲಿ ಹುಡುಗಿ ಮನೆಯೆಲ್ಲ ಓಡಾಡುತ್ತಾಳೆ. ಇವತ್ತು ಬೆಳಿಗ್ಗೆ ಟಪಟಪ ಸದ್ದು ಕೇಳಿ ಕೆಳಗಿಳಿದಳು, ಅವಳ ಹಿಂದೆ ನಾನೂ ಇಳಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳು, ಬಾ, ಬಡಿಯುವುದನ್ನು ಕಲಿಸುತ್ತೇನೆ ಎಂದು ಕರೆದಳು. ನಾನು ಗಂಟಲು ಸರಿಮಾಡಿಕೊಂಡೆ. ಚರ್ಮದ ಪದರ, ವಂಶವಾಹಿ, ಎಳೆ, ಎಲ್ಲ ಸೇರಿಸಿ ಒಂದು ಪೂರ್ತಿ ಪಾಠ ನನ್ನ ಬಾಯಲ್ಲಿ ತಯಾರಾಗಿತ್ತು. ಅಷ್ಟರಲ್ಲಿ ಸಾನ್ವಿ ಎರಡೂ ಅಂಗೈ ಮುಂದೆ ಚಾಚಿದಳು, ಹಬ್ಬಕ್ಕೆ ಹಾಕಿಸಿಕೊಂಡ ಮದರಂಗಿ ತೋರಿಸುವವರ ಹಾಗೆ.

"ಬಡ್ಯೂದಿಲ್ರಿ. ಇವು ನಮ್ಮ ಆಯಿ ಕೈ ಅದಾವು. ಲಟ್ಟಣಗಿ ಇದ್ರ ಕೊಡ್ರಿ."