ಅಕ್ಕ ಕಚ್ಚಿದ ಮೆಣಸಿನಕಾಯಿ

ಕಾಯಿ ಬಿಡಿಸುವ ಹಿಂದಿನ ದಿನ ಹುಳಕ್ಕೆ ಹೆದರಿ ಮೆಣಸಿನ ಗಿಡಕ್ಕೆ ಔಷಧಿ ಹೊಡೆದಿದ್ದೆ. ಅಕ್ಕನಿಗೆ ಹೇಳಲಿಲ್ಲ. ದುಬೈಗೆ ಹೋಗುವ ಹಸಿಮೆಣಸಿನಕಾಯಿಯಲ್ಲಿ ಔಷಧಿ ಉಳಿದಿರಬಾರದು ಎಂದು ನನಗೂ ಗೊತ್ತಿತ್ತು. ಕುದೂರಿನ ಶೆಡ್ಡಿನಲ್ಲಿ ಕಾಯಿ ಕೊಳ್ಳುವ ಏಜೆಂಟ್, ಔಷಧಿ ಇಲ್ಲವೆಂದ ಅಕ್ಕನ ಮಾತು ಕೇಳದೆ ನಮ್ಮ ಕ್ರೇಟುಗಳನ್ನು ಪಕ್ಕಕ್ಕೆ ತಳ್ಳಿದ.

"ಪರೀಕ್ಷೆಗೆ ಕಳಿಸಿದ್ದ ಕಾಯಲ್ಲಿ ಔಷಧಿ ಸಿಕ್ಕೈತೆ. ಸುಳ್ಳು ಹೇಳ್ಬೇಡ ಕಣಮ್ಮ."

"ಔಷಧಿ ಹೊಡೆದು ತಿಂಗಳಾಯ್ತು ಕಣಣ್ಣ. ನನ್ನ ಹೊಲದ ಕಾಯಿ, ಇಲ್ಲೇ ತಿಂತೀನಿ ನೋಡು" ಎಂದು ಅಕ್ಕ ಎಲ್ಲರೆದುರು ಒಂದು ಕಾಯಿ ಕಚ್ಚಿದಳು. ಕಣ್ಣಲ್ಲಿ ನೀರು ಸುರಿದರೂ ತಲೆ ತಗ್ಗಿಸಲಿಲ್ಲ. ಇನ್ನೊಂದಕ್ಕೆ ಕೈ ಹಾಕಿದಾಗ ನಾನು ಓಡಿಹೋಗಿ ಕಿತ್ತುಕೊಂಡೆ.

ಆ ವ್ಯಾಪಾರ ಅಲ್ಲಿಗೇ ಮುಗಿಯಿತು. ಆದರೆ ಅಕ್ಕನನ್ನು ಸುಳ್ಳಿ ಎನ್ನಲು ನಾನು ಬಿಡಲಿಲ್ಲ. ಏಜೆಂಟನ ಮುಖ ನೋಡಿಯೇ, "ಹೊಡೆದೋನು ನಾನು, ಅವಳನ್ನ ಏನೂ ಅನ್ಬೇಡಿ" ಎಂದೆ. ಆಮೇಲೆ ಅವಳ ಕಡೆ ತಿರುಗಿದೆ. "ಉಗುಳಕ್ಕ ಅದನ್ನ. ತಪ್ಪಾಯ್ತು ಕಣಕ್ಕ."