ಹುಳುಮನೆಯ ಅಶ್ವತ್ಥಮ್ಮ
ಜನಗಣತಿಗೆಂದು ಶಿಡ್ಲಘಟ್ಟದ ಕಡೆ ಹೋದ ದಿನ ಅಶ್ವತ್ಥಮ್ಮನವರು ನನ್ನನ್ನು ರೇಷ್ಮೆಹುಳುವಿನ ಮನೆಯ ಹೊಸ್ತಿಲಲ್ಲೇ ತಡೆದರು: “ಒಳಗೆ ಬರ್ಬೇಡಿ ಮೇಷ್ಟ್ರೇ, ಹೊರಗಿನವರು ಬಂದ್ರೆ ಹುಳ ಕೆಡ್ತವೆ.” ಅಡುಗೆಮನೆಯಲ್ಲಿದ್ದೇ, ಸೊಪ್ಪು ಮೇಯುವ ಸದ್ದು ಕೇಳಿ, ಯಾವ ತಟ್ಟೆಯ ಹುಳುವಿಗೆ ಮೈ ಸರಿಯಿಲ್ಲವೆಂದು ಅವರು ಹೇಳಬಲ್ಲರು. ಅವರನ್ನು ಕೇಳದೆ ಗಂಡ ಆವಲಪ್ಪ ಕಿಟಕಿಯನ್ನೂ ತೆರೆಯುತ್ತಿರಲಿಲ್ಲ. ಈಗ ಆವಲಪ್ಪ ಎಲ್ಲವನ್ನೂ ಕೇಳುವುದು ಫೋನಿನೊಳಗೆ ಮಾತನಾಡುವ ಯಂತ್ರವನ್ನು. ಅದರದು ಹೆಣ್ಣಿನ ದನಿ. “ಅವಳು ಒಂದಿನಾದ್ರೂ ಸೊಪ್ಪು ಹಾಕಿದ್ದಾಳಾ? ನನ್ನ ಜತೆ ಇಷ್ಟು ಮೆತ್ತಗೆ ಯಾವತ್ತು ಮಾತಾಡಿದ್ರಿ?” ಎಂದು ಗಂಡನನ್ನು ಕೇಳಿದ ಅಶ್ವತ್ಥಮ್ಮನವರು, ಅವಳೂ ಹೊರಗಿನವಳೇ ಎಂದು ಫೋನನ್ನು ಹೊಸ್ತಿಲಾಚೆಗೆ ಇರಿಸಿದರು. ಇತ್ತೀಚೆಗೆ ಗಂಡ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಾಗ, ಅದೇ ಹೊಸ್ತಿಲಲ್ಲಿ ಕುಳಿತು ಫೋನನ್ನು ಮೆಲ್ಲಗೆ ಕೇಳುತ್ತಾರೆ: “ನಮ್ಮ ಯಜಮಾನ್ರು ನನ್ನ ವಿಷಯ ಏನಾದ್ರೂ ಹೇಳ್ತಾರೇನಮ್ಮ?”